ಆಂಪ್ ಬದಲಿಸಬೇಕಾ, ಸ್ಪೀಕರ್ ಬದಲಿಸಬೇಕಾ?

ಮೈಸೂರಿನಲ್ಲಿರುವ ನನ್ನ ಭಾವ ಒಂದು ದಿನ ಫೋನ್ ಮಾಡಿದರು. ಅವರ ಮನೆಯ ಹಾಲ್‌ನಲ್ಲಿ ಹಳೇ ಸ್ಟೀರಿಯೊ ಒಂದಿದೆ. ಒಂದೊಂದು ಕಡೆಗೆ 50 ವಾಟ್ ಕೊಡುವ ಆಂಪ್ಲಿಫೈಯರ್, ಎರಡು ಪುಟ್ಟ ಸ್ಪೀಕರ್.

"ಸೌಂಡ್‌ನಲ್ಲಿ ದಮ್ಮೇ ಇಲ್ಲ ಕಣೋ. ಮೃದಂಗ ಕೇಳಿದ್ರೆ ಎಣ್ಣೆ ಡಬ್ಬ ಬಡಿದ ಹಾಗಿದೆ. ಅಂಗಡಿಯವನು 100 ವಾಟ್ ಆಂಪ್ ಹಾಕಿ ಸಾರ್, ಸ್ಪೀಕರ್ ಎದ್ದು ಕೂರುತ್ತೆ ಅಂದ. ತಗೊಂಡುಬಿಡಲಾ?"

"ಸ್ವಲ್ಪ ತಡೀರಿ ಭಾವ" ಅಂದೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಮಾತು ನಂಬಿ ನಾನೂ ದೊಡ್ಡ ಆಂಪ್ ತಂದಿದ್ದೆ. 35 ಸಾವಿರ ಕೊಟ್ಟಿದ್ದೆ. ಮೊದಲ ವಾರ ಎಲ್ಲ ಹಾಡೂ ಹೊಸದಾಗಿ ಕೇಳಿಸಿತು. ಎರಡನೇ ವಾರ ಅನುಮಾನ ಬಂತು. ಮೂರನೇ ವಾರ ಹೆಂಡತಿಯನ್ನು ಆಂಪ್ ಹತ್ತಿರ ಕೂರಿಸಿ, ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ಇಟ್ಟು, ನಾನು ಕಣ್ಣು ಮುಚ್ಚಿಕೊಂಡೆ. ಅವಳು ಹಳೇದು ಹೊಸದು ಬದಲಿಸಿ ಬದಲಿಸಿ ಹಾಕಿದಳು. ಯಾವುದು ಯಾವುದು ಅಂತ ನನಗೆ ಹೇಳೋಕೆ ಆಗಲಿಲ್ಲ. ಅವಳು ನಗಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಹಾಗಂತ ಹೊಸ ಆಂಪ್ ಎಂದೂ ಬೇಡ ಅಂತಲ್ಲ. ಕೆಲವು ಮನೆಗಳಿಗೆ ಅದೇ ಸರಿಯಾದ ಉತ್ತರ. ನಿಮ್ಮದು ಅಂಥ ಮನೆಯಾ ಅಂತ ತಿಳಿಯೋಕೆ ಸ್ವಲ್ಪ ಲೆಕ್ಕ ಬೇಕು. ಗುಣಿಸೋದು, ಕೂಡೋದು ಬಂದರೆ ಸಾಕು.

ಒಂದು ವಾಟ್ ಎಷ್ಟು ದೂರ ಬರುತ್ತದೆ

ಸ್ಪೀಕರ್‌ನ ಬೆನ್ನ ಮೇಲೋ ಜೊತೆಗೆ ಬಂದ ಪುಸ್ತಕದಲ್ಲೋ "ಸೆನ್ಸಿಟಿವಿಟಿ 86 ಡಿಬಿ" ಅನ್ನುವಂಥ ಒಂದು ಅಂಕಿ ಇರುತ್ತದೆ. ಡಿಬಿ ಅಂದರೆ ಡೆಸಿಬಲ್, ಸದ್ದಿನ ಮಟ್ಟದ ಅಳತೆ. ಜನ ವಾಟ್ ನೋಡುತ್ತಾರೆ, ಇದನ್ನು ನೋಡುವುದಿಲ್ಲ. ಮೊದಲು ನೋಡಬೇಕಾದ್ದೇ ಇದು. ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ 86 ಡೆಸಿಬಲ್ ಸದ್ದು ಸಿಗುತ್ತದೆ ಅಂತ ಇದರ ಅರ್ಥ. ಆ ವಿಚಿತ್ರ 2.83 ಎಲ್ಲಿಂದ ಬಂತು? 8 ಓಮ್ ಸ್ಪೀಕರ್‌ಗೆ ಅಷ್ಟು ವೋಲ್ಟ್ ಕೊಟ್ಟರೆ ಸರಿಯಾಗಿ 1 ವಾಟ್ ಆಗುತ್ತದೆ, ಅದಕ್ಕೆ. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. 4 ಓಮ್ ಸ್ಪೀಕರ್ ಆದರೆ ಅದೇ ವೋಲ್ಟ್‌ಗೆ 2 ವಾಟ್ ಎಳೆಯುತ್ತದೆ. ಹಾಗಾಗಿ 4 ಓಮ್ ಸ್ಪೀಕರ್‌ನ ಸೆನ್ಸಿಟಿವಿಟಿ ನೋಡುವಾಗ ಮನಸ್ಸಿನಲ್ಲೇ 3 ಡೆಸಿಬಲ್ ಕಳೆದುಕೊಳ್ಳುವುದು ಒಳ್ಳೇದು.

ಡೆಸಿಬಲ್ ತರಕಾರಿ ತೂಕದ ಹಾಗೆ ಏರುವುದಿಲ್ಲ. ವಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು "ಸ್ವಲ್ಪ ಜೋರಾಯ್ತು ಅಲ್ವಾ?" ಅನ್ನುವಷ್ಟು. ಸದ್ದು ಎರಡರಷ್ಟಾಯಿತು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅದಕ್ಕೆ ವಾಟ್ 10 ಪಟ್ಟಾಗಬೇಕು. ಭಾವನ 50 ವಾಟ್ ಜಾಗಕ್ಕೆ 100 ವಾಟ್ ಬಂದರೆ ಸಿಗುವುದು ಆ 3 ಡೆಸಿಬಲ್. ಅದೂ ಎರಡೂ ಆಂಪನ್ನು ಮೈಮುರಿಯುವಷ್ಟು ದುಡಿಸಿದಾಗ. ಮಾಮೂಲಿ ವಾಲ್ಯೂಮ್‌ನಲ್ಲಿ ಆ ಹೆಚ್ಚಿನ 50 ವಾಟ್ ಸುಮ್ನೆ ಕೂತಿರುತ್ತದೆ.

ಹಾಲ್‌ಗೆ ಈ ಲೆಕ್ಕ ಹಾಕಿ ನೋಡಿ. 86 ಡೆಸಿಬಲ್‌ನ ಎರಡು ಸ್ಪೀಕರ್, ಸೋಫಾ 3 ಮೀಟರ್ ದೂರ. ಬಯಲಿನಲ್ಲಾದರೆ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಬೀಳುತ್ತದೆ. ಕೋಣೆಯಲ್ಲಿ ಗೋಡೆಗಳು ಒಂದಷ್ಟು ಸದ್ದನ್ನು ವಾಪಸ್ ಕೊಡುವುದರಿಂದ ಬೀಳುವುದು ಕಡಿಮೆ. ಅಂದಾಜಿಗೆ ದೂರಕ್ಕೆ ಅಂತ ಒಟ್ಟು 6 ಕಳೆಯಿರಿ, ಸ್ಪೀಕರ್ ಎರಡಿರುವುದಕ್ಕೆ 3 ಕೂಡಿಸಿ. ಒಂದೊಂದಕ್ಕೂ 1 ವಾಟ್ ಕೊಟ್ಟರೆ ಸೋಫಾಗೆ ತಲುಪುವುದು 83 ಡೆಸಿಬಲ್. ಸಂಜೆ ಕಾಫಿ ಕುಡಿಯುತ್ತಾ ಹಾಡು ಕೇಳುವ ಮಟ್ಟ ಸರಾಸರಿ 75 ಡೆಸಿಬಲ್ ಅಂದುಕೊಳ್ಳಿ. ಅದಕ್ಕೆ ಬೇಕಾಗುವುದು ಒಂದು ವಾಟ್‌ನ ಆರರಲ್ಲಿ ಒಂದು ಪಾಲು.

ಮೊದಲ ಸಲ ಈ ಲೆಕ್ಕ ಹಾಕಿದಾಗ ನಾನು ಮೂರು ಸಲ ತಾಳೆ ನೋಡಿದ್ದೆ. ತಪ್ಪಿರಲಿಲ್ಲ.

ಆದರೆ ಸಂಗೀತ ಒಂದೇ ಸಮನೆ ಇರುವುದಿಲ್ಲ. ಯಕ್ಷಗಾನದ ಧ್ವನಿಮುದ್ರಣ ಹಾಕಿ ನೋಡಿ. ಭಾಗವತರ ಪದ ಹದವಾಗಿ ಹೋಗುತ್ತಿರುತ್ತದೆ, ಇದ್ದಕ್ಕಿದ್ದಂತೆ ಚೆಂಡೆ ಬೀಳುತ್ತದೆ. ಒಂದು ಕ್ಷಣದ ಆ ಏಟು ಸರಾಸರಿಗಿಂತ 15 ಡೆಸಿಬಲ್ ಮೇಲಕ್ಕೆ ಹೋಗಬಹುದು. 15 ಡೆಸಿಬಲ್ ಅಂದರೆ 32 ಪಟ್ಟು ವಾಟ್. ಸಂಜೆಯ ಮಟ್ಟದಲ್ಲಾದರೆ ಚೆಂಡೆಗೂ 5 ವಾಟ್ ಸಾಕು. ಇನ್ನು ಮನೆಯಲ್ಲಿ ಯಾರೂ ಇಲ್ಲದಾಗ ಸರಾಸರಿ 85ಕ್ಕೆ ಏರಿಸಿದರೆ ಚೆಂಡೆ 100 ಮುಟ್ಟಬೇಕು, ಆಗ 50 ವಾಟ್ ಬೇಕು. ಭಾವನ ಆಂಪ್ ಅಲ್ಲಿಗೂ ಸರಿಹೋಗುತ್ತದೆ.

ಈಗ ಸ್ಪೀಕರ್ ಮಾತ್ರ ಬದಲಿಸಿ. 82 ಡೆಸಿಬಲ್‌ನ ಸ್ಪೀಕರ್ ಇಟ್ಟರೆ ಅದೇ ಚೆಂಡೆಗೆ 125 ವಾಟ್ ಬೇಕು. 92ರದ್ದು ಇಟ್ಟರೆ 12 ವಾಟ್ ಚಿಲ್ಲರೆ ಸಾಕು. ಸ್ಪೀಕರ್‌ನ 10 ಡೆಸಿಬಲ್ ವ್ಯತ್ಯಾಸವನ್ನು ಆಂಪ್‌ನಿಂದ ತುಂಬಿಸೋಕೆ ಹೋದರೆ 10 ಪಟ್ಟು ದೊಡ್ಡ ಆಂಪ್ ತರಬೇಕಾಗುತ್ತದೆ.

ಜಾತ್ರೆಯಲ್ಲಿ ಮೈಕ್‌ಸೆಟ್‌ನವರು ತೆಂಗಿನ ಮರಕ್ಕೆ ಕಟ್ಟುವ ಹಾರ್ನ್ ನೆನಪಿದೆಯಾ? ಹಿಂದಿರುವುದು 30 ವಾಟ್‌ನ ಸಣ್ಣ ಆಂಪ್ ಇರಬಹುದು, ಆದರೂ ಪಕ್ಕದೂರಿಗೂ ಕೇಳುತ್ತದೆ. ಹಾರ್ನ್‌ನ ಸೆನ್ಸಿಟಿವಿಟಿ 105 ಡೆಸಿಬಲ್‌ಗೂ ಮೇಲೆ, ಅದರ ಮಹಿಮೆ ಅದು. ಮನೆಯ 86ರ ಸ್ಪೀಕರ್‌ನಿಂದ ಅಷ್ಟು ಸದ್ದು ತೆಗೆಯಬೇಕಾದರೆ 2,500 ವಾಟ್ ಸುರಿಯಬೇಕು. ಅಷ್ಟು ಹೊತ್ತಿಗೆ ಅದರ ವಾಯ್ಸ್ ಕಾಯಿಲ್, ಅಂದರೆ ಒಳಗಿನ ತಂತಿಯ ಸುರುಳಿ, ಸುಟ್ಟು ವಾಸನೆ ಬಂದಿರುತ್ತದೆ. 86ರ ಸ್ಪೀಕರ್ ಕೊಟ್ಟ ಕರೆಂಟಿನಲ್ಲಿ ಸದ್ದಾಗಿಸುವುದು ನಾನೂರರಲ್ಲಿ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಬಿಸಿ. ಹಾಗಂತ ಹಾರ್ನ್ ತಂದು ಹಾಲ್‌ನಲ್ಲಿ ಇಡಬೇಡಿ. ದೂರ ಹೋಗೋಕೆ ಅದು ತನ್ನ ಇಂಪನ್ನೆಲ್ಲ ಕೊಟ್ಟುಬಿಟ್ಟಿರುತ್ತದೆ.

ಡಬ್ಬದ ಮೇಲೆ ಬರೆದ ವಾಟ್ ಬಗ್ಗೆಯೂ ಒಂದು ಮಾತು. ನಮ್ಮ ಪೇಟೆಗಳಲ್ಲಿ "2000 ವಾಟ್ ಪಿಎಂಪಿಒ" ಅನ್ನುವ ಸ್ಟಿಕ್ಕರ್ ಅಂಟಿಸಿದ ಪುಟಾಣಿ ಸೆಟ್‌ಗಳನ್ನು ನೋಡಿಯೇ ಇರುತ್ತೀರಿ. ಪಿಎಂಪಿಒಗೆ ಒಪ್ಪಿತ ಅಳತೆ ಅಂತ ಏನೂ ಇಲ್ಲ, ಬರೆದವನ ಧೈರ್ಯವೇ ಅಳತೆ. ಅಮೆರಿಕದಲ್ಲೂ ಇದೇ ಕಾಟ ಇತ್ತು. ಅದಕ್ಕೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್‌ನ ವಾಟ್ ಹೇಗೆ ಅಳೆದು ಹೇಳಬೇಕು ಅಂತ ನಿಯಮ ತಂದಿತು. ನೀವು ಆರ್‌ಎಂಎಸ್ (ಆಂಪ್ ಒಂದೇ ಸಮನೆ ಕೊಡಬಲ್ಲ ವಾಟ್) ಅಂತ ಬರೆದ ಅಂಕಿ ನೋಡಿ. ಜೊತೆಗೆ ಸೆಟ್ ತಿರುಗಿಸಿ ಹಿಂದಿನ ಲೇಬಲ್‌ನಲ್ಲಿ ಅದು ಎಷ್ಟು ಕರೆಂಟ್ ಎಳೆಯುತ್ತದೆ ಅಂತಲೂ ನೋಡಿ. ಮುಂದೆ 1000 ವಾಟ್ ಅಂತ ಇದ್ದು ಹಿಂದೆ 90 ವಾಟ್ ಅಂತ ಇದ್ದರೆ ಯಾವುದನ್ನು ನಂಬಬೇಕು ಅಂತ ಹೇಳಬೇಕಿಲ್ಲ.

ಆಂಪ್‌ಗೂ ಸ್ಪೀಕರ್‌ಗೂ ಇರುವ ವ್ಯತ್ಯಾಸ

ಆಂಪ್‌ನ ಕೆಲಸ ಒಂದೇ. ಸಣ್ಣ ವೋಲ್ಟೇಜನ್ನು ದೊಡ್ಡದು ಮಾಡಬೇಕು, ಬೇರೆ ಏನನ್ನೂ ಸೇರಿಸಬಾರದು. ಎಲೆಕ್ಟ್ರಾನಿಕ್ಸ್ ಈ ಕೆಲಸವನ್ನು ಚೆನ್ನಾಗಿ ಕಲಿತು ಎಷ್ಟೋ ಕಾಲವಾಯಿತು. ಸಾಧಾರಣ ಬೆಲೆಯ ಒಳ್ಳೆ ಆಂಪ್ ಕೂಡ 20ರಿಂದ 20,000 ಹರ್ಟ್ಜ್‌ವರೆಗೆ, ಅಂದರೆ ಕಿವಿಗೆ ಕೇಳುವ ಅತಿ ತಗ್ಗಿನ ಸ್ವರದಿಂದ ಅತಿ ಮೇಲಿನ ಸ್ವರದವರೆಗೆ, ಅರ್ಧ ಡೆಸಿಬಲ್ ಆಚೀಚೆ ಹೋಗುವುದಿಲ್ಲ. ವಿಕಾರ, ಅಂದರೆ ಮೂಲದಲ್ಲಿ ಇಲ್ಲದೆ ಸೇರಿಕೊಳ್ಳುವ ಸದ್ದು, ನೂರಕ್ಕೆ ಒಂದರ ಹತ್ತನೇ ಪಾಲಿಗಿಂತಲೂ ಕಡಿಮೆ.

ಸ್ಪೀಕರ್ ಪಾಡು ಬೇರೆ. ಅದು ಕಾಗದದ ಕೋನನ್ನು ಅಯಸ್ಕಾಂತದಿಂದ ಹಿಂದೆ ಮುಂದೆ ಕುಣಿಸಿ ಗಾಳಿಯನ್ನು ತಳ್ಳಬೇಕು. ಮೇಲೆ ಕೆಳಗೆ 3 ಡೆಸಿಬಲ್ ಒಳಗಿದ್ದರೆ ಒಳ್ಳೆ ಸ್ಪೀಕರ್ ಅನ್ನುತ್ತೇವೆ. ಜೋರಾದ ಬೇಸ್ ಬಂದಾಗ ವಿಕಾರ ನೂರಕ್ಕೆ ಒಂದೆರಡು ದಾಟುವುದು ಮಾಮೂಲಿ. ಇಷ್ಟರ ಮೇಲೆ ಸದ್ದು ನೇರ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಪಕ್ಕಕ್ಕೂ ಮೇಲಕ್ಕೂ ಹೋಗಿ ಗೋಡೆ ಬಡಿದು ಬರುತ್ತದೆ. ಆ ಪಕ್ಕದ ಸದ್ದು ಮುಂದಿನ ಸದ್ದಿನಂತೆ ಇಲ್ಲದಿದ್ದರೆ ಹಾಡುಗಾರರ ದನಿಯೇ ಬೇರೆ ಅನಿಸುತ್ತದೆ.

ಈ ವಿಷಯದಲ್ಲಿ ತಲೆ ಕೆಡಿಸಿಕೊಂಡು ಕೆಲಸ ಮಾಡಿದವರು ಫ್ಲಾಯ್ಡ್ ಟೂಲ್. ಮೊದಲು ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ, ಆಮೇಲೆ ಹರ್ಮನ್ ಕಂಪನಿಯಲ್ಲಿ, ಜನರನ್ನು ಪರದೆಯ ಈಚೆ ಕೂರಿಸಿ ಯಾವ ಸ್ಪೀಕರ್ ಅಂತ ಗೊತ್ತಾಗದಂತೆ ಕೇಳಿಸಿದರು. ಮುಂದಕ್ಕೂ ಪಕ್ಕಕ್ಕೂ ಏರಿಳಿತವಿಲ್ಲದ ಸದ್ದು ಕೊಡುವ ಸ್ಪೀಕರ್‌ಗಳನ್ನೇ ಹೆಚ್ಚು ಜನ ಮತ್ತೆ ಮತ್ತೆ ಆರಿಸಿಕೊಂಡರು. ಅವರ ಜೊತೆಗಾರ ಶಾನ್ ಆಲಿವ್ 1994ರಲ್ಲಿ ಇನ್ನೊಂದು ತಮಾಷೆ ತೋರಿಸಿದರು. ಸ್ಪೀಕರ್ ಕಣ್ಣಿಗೆ ಕಂಡಾಗ ಜನ ಕೊಟ್ಟ ಅಂಕಗಳೇ ಬೇರೆ, ಪರದೆ ಹಾಕಿದಾಗ ಕೊಟ್ಟ ಅಂಕಗಳೇ ಬೇರೆ. ಹೀಗೆ ಮರೆಯಲ್ಲಿಟ್ಟರೂ ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ಕೇಳುತ್ತದೆ. ಆಂಪ್‌ಗಳದ್ದು, ಎರಡನ್ನೂ ಅವುಗಳ ಮಿತಿಯೊಳಗೆ ಒಂದೇ ಮಟ್ಟದಲ್ಲಿ ನುಡಿಸಿದರೆ, ಹೆಚ್ಚಿನ ಸಲ ಕೇಳುವುದಿಲ್ಲ. ಅಂಗಡಿಯಲ್ಲಿ ಯಾಕೆ ಕೇಳುತ್ತದೆ? ಸಾಮಾನ್ಯವಾಗಿ ಒಂದು ಇನ್ನೊಂದಕ್ಕಿಂತ ಒಂದು ಡೆಸಿಬಲ್ ಜೋರಾಗಿರುತ್ತದೆ. ಕಿವಿಗೆ ಅದು ಜೋರು ಅನಿಸುವುದಿಲ್ಲ, "ಇಂಪು" ಅನಿಸುತ್ತದೆ.

ಭಾವನ ಮೃದಂಗದ ದೂರಿಗೆ ಬರೋಣ. ಮೃದಂಗದ ಎಡಮುಖ ತೊಪ್ಪಿ. ಅದರ ಆಳದ ನಾದಕ್ಕೆ ಸ್ಪೀಕರ್ ಜಾಸ್ತಿ ಗಾಳಿ ತಳ್ಳಬೇಕು. ಅಷ್ಟೇ ಸದ್ದನ್ನು ಅರ್ಧ ಕಂಪನಾಂಕದಲ್ಲಿ ಕೊಡಬೇಕಾದರೆ ಕೋನ್ 4 ಪಟ್ಟು ದೂರ ಓಡಬೇಕು. 100 ಹರ್ಟ್ಜ್‌ನಲ್ಲಿ 1 ಮಿಲಿಮೀಟರ್ ಓಡಿದರೆ 50 ಹರ್ಟ್ಜ್‌ನಲ್ಲಿ 4 ಮಿಲಿಮೀಟರ್. ತಗ್ಗಿನ ಸ್ವರ ನುಡಿಸುವ ನಾಲ್ಕು ಇಂಚಿನ ವೂಫರ್‌ಗೆ ಅಷ್ಟು ಓಡುವ ಜಾಗವೇ ಇರುವುದಿಲ್ಲ. ಅದಕ್ಕೆ ಇನ್ನೂ 50 ವಾಟ್ ಕೊಟ್ಟರೆ ಬೇಸ್ ಬರುವುದಿಲ್ಲ, ಕೋನ್ ಕೊನೆ ಮುಟ್ಟಿ ಟಪ್ ಅನ್ನುತ್ತದೆ. ಈ ದೂರಿಗೆ ದೊಡ್ಡ ವೂಫರ್ ಬೇಕು, ಇಲ್ಲವೇ ಬೇಸ್‌ಗೆ ಅಂತಲೇ ಮಾಡಿದ, ತನ್ನದೇ ಆಂಪ್ ಇರುವ ಸಬ್‌ವೂಫರ್. ಹಾಡುಗಾರರ ದನಿ ನಿಮಗೆ ಈಗಾಗಲೇ ಇಷ್ಟವಾಗಿದ್ದರೆ ಸಬ್‌ವೂಫರ್ ದಾರಿಯೇ ಜಾಣತನ.

ಖರ್ಚಿಲ್ಲದ ಕೆಲಸ ಮೊದಲು

"ಸ್ಪೀಕರ್ ಎಲ್ಲಿಟ್ಟಿದ್ದೀರಿ ಭಾವ?"

"ಶೋಕೇಸ್ ಒಳಗೆ. ಮತ್ತೆ ಇನ್ನೆಲ್ಲಿಡೋದು? ನಿಮ್ಮಕ್ಕ ಬಿಡ್ಬೇಕಲ್ಲ."

ನಮ್ಮ ಕಡೆಯ ಹೆಚ್ಚಿನ ಮನೆಗಳ ಕತೆ ಇದೇ. ಟಿವಿ ಶೋಕೇಸ್‌ನ ಗೂಡಿನೊಳಗೆ, ಕಪ್ ಮತ್ತು ಗಾಜಿನ ಗೊಂಬೆಗಳ ಪಕ್ಕದಲ್ಲಿ ಸ್ಪೀಕರ್ ತುರುಕಿರುತ್ತೇವೆ. ಗೂಡು ಅದರ ಸುತ್ತ ಇನ್ನೊಂದು ಡಬ್ಬವಾಗುತ್ತದೆ. ಮರದ ಹಲಗೆ ತಾನೂ ಹಾಡೋಕೆ ಶುರು ಮಾಡುತ್ತದೆ. ಎಣ್ಣೆ ಡಬ್ಬದ ಸದ್ದು ಅಲ್ಲಿಂದಲೇ ಬರುತ್ತಿರುತ್ತದೆ. ಸ್ಪೀಕರ್‌ಗಳನ್ನು ಎರಡು ಸ್ಟೂಲ್ ಮೇಲೆ ಇಟ್ಟು, ಗೋಡೆಯಿಂದ ಒಂದೆರಡು ಅಡಿ ಈಚೆ ತಂದು, ಟ್ವೀಟರ್ (ಮೇಲಿನ ಸ್ವರ ನುಡಿಸುವ ಪುಟ್ಟ ಭಾಗ) ಕಿವಿಯ ಎತ್ತರಕ್ಕೆ ಬರುವಂತೆ ನೋಡಿ. ಎರಡು ಸ್ಪೀಕರ್ ನಡುವಿನ ದೂರವೂ ನಿಮ್ಮ ಮತ್ತು ಸ್ಪೀಕರ್ ನಡುವಿನ ದೂರವೂ ಹೆಚ್ಚು ಕಡಿಮೆ ಒಂದೇ ಇರಲಿ. ಅಕ್ಕನಿಗೆ ಒಂದು ವಾರಕ್ಕೆ ಅಂತ ಹೇಳಿ.

ಆಮೇಲೆ ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ನೆಲಕ್ಕೆ ಟೈಲ್ಸ್, ಸುತ್ತ ಬೋಳು ಗೋಡೆ, ಮೇಲೆ ಆರ್‌ಸಿಸಿ ತಾರಸಿ ಇರುವ ಮನೆಯಲ್ಲಿ "ಟ್ರ್‌ರ್‌" ಅಂತ ಮಾರ್ದನಿ ಬರುತ್ತದೆ. ನೀವು ಕೇಳುವ ಪ್ರತಿ ತಾಳದ ಹಿಂದೆಯೂ ಅದು ಅಂಟಿಕೊಂಡಿರುತ್ತದೆ. ದಪ್ಪ ಜಮಖಾನ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು, ಇವು ಮಾಡುವ ಕೆಲಸವನ್ನು ಲಕ್ಷ ರೂಪಾಯಿಯ ಆಂಪ್ ಮಾಡುವುದಿಲ್ಲ.

ಬೇಸ್ ಮಾತ್ರ ಜಮಖಾನಕ್ಕೆ ಬಗ್ಗುವುದಿಲ್ಲ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಜ್ ಹತ್ತಿರದ ಸದ್ದು ಎರಡು ಗೋಡೆಗಳ ನಡುವೆ ಸರಿಯಾಗಿ ಕೂತುಬಿಡುತ್ತದೆ. ಗೋಡೆಗೆ ಒರಗಿ ಕೂತರೆ ಅದೊಂದೇ ಸ್ವರ ಗುಂಯ್ ಅನ್ನುತ್ತದೆ. ಕೋಣೆಯ ನಡುವೆ ಕೂತರೆ ಅದೇ ಸ್ವರ ಮಾಯ. 12 ಅಡಿಗೆ 12 ಅಡಿಯ ಚೌಕ ಕೋಣೆ ಆದರೆ ಎರಡೂ ದಿಕ್ಕಿನದು ಒಂದರ ಮೇಲೊಂದು ಬೀಳುತ್ತದೆ. ಸೋಫಾವನ್ನು ಗೋಡೆಯಿಂದ ಎರಡು ಅಡಿ ಈಚೆ ಎಳೆದು ನೋಡಿ, ಬೇರೆ ಸ್ಪೀಕರ್ ತಂದಷ್ಟು ವ್ಯತ್ಯಾಸ ಕೇಳಬಹುದು.

ಸ್ಪೀಕರ್ ಹಳೇದಾಗಿದ್ದರೆ ಜಾಲರಿ ತೆಗೆದು ವೂಫರ್ ಅಂಚನ್ನು ನೋಡಿ. ಫೋಮ್‌ನ ಅಂಚು 15, 20 ವರ್ಷಕ್ಕೆ ಪುಡಿಯಾಗಿ ಉದುರುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಇನ್ನೂ ಬೇಗ. ಎರಡು ಕೈಯ ಬೆರಳಿನಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಕರಕರ ಅಂತ ಉಜ್ಜಿದರೆ ಕಾಯಿಲ್ ಓರೆಯಾಗಿದೆ. ಹೊಸ ಕೋನ್, ಕಾಯಿಲ್ ಹಾಕಿ ರೀಕೋನ್ ಮಾಡುವವರು ಇನ್ನೂ ಇದ್ದಾರೆ, ನಿಮ್ಮೂರಿನ ಮೈಕ್‌ಸೆಟ್‌ನವರನ್ನು ಕೇಳಿದರೆ ದಾರಿ ಹೇಳುತ್ತಾರೆ. ಆಂಪ್‌ನ ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಬಂದರೆ ಒಳಗಿನ ಧೂಳು ಅಷ್ಟೇ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು.

ವೈರ್ ಬಗ್ಗೆ ಜಾಸ್ತಿ ಯೋಚಿಸಬೇಡಿ. ಮನೆ ವೈರಿಂಗ್‌ಗೆ ಬಳಸುವ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಐದು ಮೀಟರ್‌ವರೆಗೆ ಧಾರಾಳ.

ಆಂಪ್ ನಿಜವಾಗಿ ಬೇಕಾದಾಗ

ಇದನ್ನು ಊಹಿಸಬೇಕಿಲ್ಲ, ಅಳೆಯಬಹುದು. ಎಲೆಕ್ಟ್ರಿಷಿಯನ್ ಹತ್ತಿರ ಇರುವ ಸಾಧಾರಣ ಮಲ್ಟಿಮೀಟರ್ ಸಾಕು. ನಿಮಗಿಷ್ಟವಾದ ಹಾಡು ಹಾಕಿ, ನೀವು ಎಂದಾದರೂ ಇಡುವ ಅತಿ ಜೋರಿನ ವಾಲ್ಯೂಮ್‌ಗೆ ತನ್ನಿ. ಗುಂಡಿ ಎಲ್ಲಿದೆ ಅಂತ ಗುರುತು ಮಾಡಿ. ಆಂಪ್ ಆರಿಸಿ, ಸ್ಪೀಕರ್ ವೈರ್ ಬಿಚ್ಚಿ. ಮತ್ತೆ ಆನ್ ಮಾಡಿ, ಅದೇ ಗುರುತಿನಲ್ಲಿ, ಮೈನಸ್ 12 ಡಿಬಿ ಮಟ್ಟದ 60 ಹರ್ಟ್ಜ್ ಸೈನ್ ಟೋನ್ (ಒಂದೇ ಸ್ವರದ ಸದ್ದು) ಫೈಲ್ ನುಡಿಸಿ. ಬೇಸ್ ಬೂಸ್ಟ್, ಈಕ್ವಲೈಜರ್ ಎಲ್ಲ ಆಫ್ ಇರಲಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ಅಳೆಯಿರಿ. ಮೈನಸ್ 12 ಡಿಬಿ ಅಂದರೆ ಫೈಲ್‌ನ ಗರಿಷ್ಠ ಮಟ್ಟದ ಕಾಲು ಪಾಲು ವೋಲ್ಟ್, ಹಾಗಾಗಿ ಬಂದ ಅಂಕಿಯನ್ನು 4ರಿಂದ ಗುಣಿಸಿ, ಅದನ್ನು ಅದರಿಂದಲೇ ಗುಣಿಸಿ, ಸ್ಪೀಕರ್‌ನ ಓಮ್‌ನಿಂದ ಭಾಗಿಸಿ. ಅದು ನಿಮಗೆ ಬೇಕಾದ ಗರಿಷ್ಠ ವಾಟ್. ಮೀಟರ್ 2.2 ತೋರಿಸಿದರೆ ನಾಲ್ಕು ಪಟ್ಟು 8.8. ಅದರ ವರ್ಗ 77, ಎಂಟರಿಂದ ಭಾಗಿಸಿದರೆ ಹತ್ತು ವಾಟ್‌ಗೂ ಕಡಿಮೆ. ವಾಲ್ವ್ ಆಂಪ್ (ಗಾಜಿನ ಕೊಳವೆಗಳಿರುವ ಹಳೇ ಬಗೆಯದು) ಇರುವವರು ಮಾತ್ರ ಇದನ್ನು ಮಾಡಲೇಬಾರದು. ಸ್ಪೀಕರ್ ಬಿಚ್ಚಿ ಅದನ್ನು ಓಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು.

ಉತ್ತರ ನಿಮ್ಮ ಆಂಪ್‌ನ ಆರ್‌ಎಂಎಸ್ ವಾಟ್‌ಗೆ ಹತ್ತಿರ ಬಂದರೆ ಅಥವಾ ದಾಟಿದರೆ, ದುಡ್ಡನ್ನು ಆಂಪ್ ಮೇಲೆ ಹಾಕಿ. ಮುಖ್ಯವಾಗಿ ಸೆನ್ಸಿಟಿವಿಟಿ 82, 83ರ ಸ್ಪೀಕರ್, 4 ಓಮ್‌ನ ಸ್ಪೀಕರ್, ಡ್ಯೂಪ್ಲೆಕ್ಸ್ ಮನೆಯ ಎತ್ತರದ ಹಾಲ್, ಇಂಥ ಕಡೆ ಹೀಗಾಗುತ್ತದೆ. ಚೆಂಡೆ ಬಿದ್ದಾಗ ಸದ್ದು ಒಡೆದು ಕರ್ಕಶವಾಗುವುದು, ಜೋರು ಮಾಡಿದಾಗ ಆಂಪ್ ತಾನಾಗಿ ಆಫ್ ಆಗುವುದು, ಇವೂ ಸೂಚನೆಗಳೇ. ಇದನ್ನು ಅಸಡ್ಡೆ ಮಾಡಬೇಡಿ. ತಾಕತ್ತು ಮೀರಿ ದುಡಿಯುವ ಸಣ್ಣ ಆಂಪ್ ಸದ್ದಿನ ತುದಿಗಳನ್ನು ಕತ್ತರಿಸುತ್ತದೆ, ಆಗ ಟ್ವೀಟರ್‌ಗೆ ಬೀಳುವ ಭಾರ ಏರುತ್ತದೆ. ಎಷ್ಟೋ ಟ್ವೀಟರ್ ಸುಟ್ಟಿರುವುದು ಹೀಗೇ.

ಹೋಮ್ ಥಿಯೇಟರ್ ರಿಸೀವರ್ ಇರುವವರಿಗೆ ನಡುವಿನ ದಾರಿ ಒಂದಿದೆ. ಹಿಂದೆ "ಪ್ರೀ ಔಟ್" ಅನ್ನುವ ತೂತುಗಳಿದ್ದರೆ, ಮುಂದಿನ ಎರಡು ಸ್ಪೀಕರ್‌ಗೆ ಮಾತ್ರ ಬೇರೆ ಪವರ್ ಆಂಪ್ ಸೇರಿಸಬಹುದು. ಆದರೆ 80 ವಾಟ್‌ನ ರಿಸೀವರ್‌ಗೆ 100 ವಾಟ್‌ನದ್ದು ಸೇರಿಸಿದರೆ ಒಂದೇ ಡೆಸಿಬಲ್. 200ರದ್ದಾದರೆ ನಾಲ್ಕು. ಅದಕ್ಕಿಂತ ಕಡಿಮೆಗೆ ಕೈ ಹಾಕಬೇಡಿ.

ಭಾವನ ಮೀಟರ್ 1.9 ವೋಲ್ಟ್ ತೋರಿಸಿತು. ಏಳು ವಾಟ್ ಚಿಲ್ಲರೆ. ಸ್ಪೀಕರ್ ಶೋಕೇಸ್‌ನಿಂದ ಹೊರಗೆ ಬಂದ ಮೇಲೆ ಡಬ್ಬದ ಸದ್ದು ಹೋಯಿತು, ತೊಪ್ಪಿ ಮಾತ್ರ ಬರಲಿಲ್ಲ. ಎರಡು ವಾರ ಯೋಚಿಸಿ, ಆರೂವರೆ ಇಂಚಿನ ವೂಫರ್ ಇರುವ ಒಂದು ಜೊತೆ ಸ್ಪೀಕರ್ ತಂದರು. ಆಂಪ್ ಅದೇ 50 ವಾಟ್. ಈಗ ಫೋನ್ ಮಾಡುವುದು ಅಕ್ಕ. ಸ್ಟೂಲ್‌ಗಳು ಯಾವಾಗ ಹಾಲ್‌ನಿಂದ ಆಚೆ ಹೋಗುತ್ತವೆ ಅಂತ ನನ್ನನ್ನೇ ಕೇಳುತ್ತಾಳೆ.